ಮಾಂಜ್ರಾ ಸೀಮೆಯಲ್ಲಿ ಮೋಟಾರು ದೋಣಿ: ಕೊಳ್ಳುವ ಮುನ್ನ, ಕೊಂಡ ಮೇಲೆ

ಕಿರಿಯ: ಕಾಕಾ, ವಿಹಾರಕ್ಕೆಂದು ಮೋಟಾರು ದೋಣಿ ಕೊಳ್ಳುವವರು ಮೊದಲು ನೋಡಬೇಕಾದದ್ದು ದೋಣಿಯನ್ನೋ, ಎಂಜಿನ್ನನ್ನೋ?

ಹಿರಿಯ: ಮೊದಲು ನೀರನ್ನು ನೋಡಬೇಕು, ತಮ್ಮಾ. ದೋಣಿ ಓಡುವುದು ಯಾವ ನೀರಿನಲ್ಲಿ, ಅದು ವರ್ಷದಲ್ಲಿ ಎಷ್ಟು ತಿಂಗಳು ನಿಲ್ಲುತ್ತದೆ, ತಳದಲ್ಲಿರುವುದು ಕಲ್ಲೋ ಕೆಸರೋ, ಅದು ಯಾವ ಇಲಾಖೆಯ ಸುಪರ್ದಿಗೆ ಸೇರಿದೆ ಎಂಬುದು ತಿಳಿಯದಿದ್ದರೆ ಮುಂದಿನ ಯಾವ ಆಯ್ಕೆಯೂ ಸರಿಹೋಗುವುದಿಲ್ಲ. ಮಲ್ಪೆ, ಕಾರವಾರದವರು ಈ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ, ಕಡಲು ಬತ್ತುವುದಿಲ್ಲ. ತೆಲಂಗಾಣದ ಕರಣಕೋಟ, ತಾಂಡೂರು, ಜಹೀರಾಬಾದ್, ನಾರಾಯಣಖೇಡದಂಥ ಒಳನಾಡಿನವರು ಇಲ್ಲಿಂದಲೇ ಶುರು ಮಾಡಬೇಕು.

ಕಿರಿಯ: ನಮ್ಮ ಸೀಮೆಯಲ್ಲಿ ದೋಣಿ ಓಡುವಂಥ ನೀರು ಯಾವುದಿದೆ?

ಹಿರಿಯ: ಕರಣಕೋಟಕ್ಕೆ ಹತ್ತಿರದ ಹೊಳೆ ಕಾಗಿಣಾ. ತಾಂಡೂರು ದಾಟಿ ಕರ್ನಾಟಕಕ್ಕೆ ಹೋಗಿ, ರಾಷ್ಟ್ರಕೂಟರ ಮಳಖೇಡದ ಕೋಟೆಯ ಪಕ್ಕದಲ್ಲಿ ಹರಿದು ಭೀಮೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ದಡ ಮೀರುವ ಈ ಹೊಳೆ ಬೇಸಿಗೆಯಲ್ಲಿ ಅಲ್ಲಲ್ಲಿ ಮಡುವಾಗಿ ನಿಲ್ಲುತ್ತದೆ. ತಾಂಡೂರು ಕಲ್ಲು, ಶಹಾಬಾದ್ ಕಲ್ಲು ಎಂದು ಮನೆಮನೆಯ ನೆಲಕ್ಕೆ ಹಾಸುವ ಸುಣ್ಣದಕಲ್ಲಿನ ಪದರಗಳು ಹರವಿಕೊಂಡ ಸೀಮೆ ಇದು. ಅಂಥ ಕಲ್ಲಿನ ಅಂಚಿಗೆ ತಿರುಗುವ ಪ್ರೊಪೆಲರ್ ತಾಗಿದರೆ ಎಲೆ ಮುರಿಯುತ್ತದೆ, ಇಲ್ಲವೇ ಶಾಫ್ಟ್ ಬಾಗುತ್ತದೆ. ಆದ್ದರಿಂದ ಕಾಗಿಣಾ ಮೋಟಾರು ದೋಣಿಗೆ ಒಗ್ಗುವ ಹೊಳೆಯಲ್ಲ. ವಿಕಾರಾಬಾದ್ ಕಡೆಯ ಕೋಟಪಲ್ಲಿ ಜಲಾಶಯದಲ್ಲಿ ಜನ ಹುಟ್ಟು ಹಾಕುವ ಕಯಾಕ್ ಏರುತ್ತಾರೆ. ಅಲ್ಲಿಗೆ ಒಪ್ಪುವುದೂ ಅದೇ.

ಕಿರಿಯ: ಸಿಂಗೂರು ಇದೆಯಲ್ಲ? ಎದುರು ದಡ ಕಾಣದಷ್ಟು ನೀರು.

ಹಿರಿಯ: ಈ ಭಾಗದ ದೊಡ್ಡ ನೀರೆಂದರೆ ಅದೇ. ಮಾಂಜ್ರಾ ನದಿ ಮಹಾರಾಷ್ಟ್ರದ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ, ಲಾತೂರು, ಬೀದರ್ ಜಿಲ್ಲೆಗಳನ್ನು ಹಾದು ತೆಲಂಗಾಣಕ್ಕೆ ಬಂದು, ಕೊನೆಗೆ ಗೋದಾವರಿಯನ್ನು ಸೇರುತ್ತದೆ. ಸಿಂಗೂರಿನಲ್ಲಿ ಅದಕ್ಕೆ ಕಟ್ಟಿದ ಅಣೆಕಟ್ಟು ಹೆಚ್ಚುಕಡಿಮೆ 30 ಟಿಎಂಸಿ ನೀರು ಹಿಡಿಯುತ್ತದೆ. ಹಿನ್ನೀರಿನ ಒಂದು ದಡ ಜಹೀರಾಬಾದ್ ಕಡೆಗೆ, ಇನ್ನೊಂದು ನಾರಾಯಣಖೇಡದ ಕಡೆಗೆ ಚಾಚಿದೆ. ತುಂಬಿದಾಗ ಕಡಲಿನಂತೆ ಕಾಣುತ್ತದೆ ನಿಜ, ಆದರೆ ಆ ತುಂಬು ನಂಬುವಂಥದ್ದಲ್ಲ. 2016ರ ಬರದಲ್ಲಿ ಸಿಂಗೂರು ತಳ ಕಂಡಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಇದೇ ನದಿಯ ಮೇಲ್ಭಾಗದ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತಂದರು. ಅಂಥ ವರ್ಷದಲ್ಲಿ ದೋಣಿ ಮನೆಯಂಗಳದಲ್ಲೇ ಕೂರಬೇಕಾಗುತ್ತದೆ. ಅದರ ವಿಮೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಕಿರಿಯ: ನೀರು ಇರುವ ವರ್ಷವಾದರೂ ಸ್ವಂತ ದೋಣಿ ಇಳಿಸಬಹುದಲ್ಲ?

ಹಿರಿಯ: ನೀರು ಕಂಡಲ್ಲೆಲ್ಲ ದೋಣಿ ಇಳಿಸುವ ಹಕ್ಕು ಯಾರಿಗೂ ಇಲ್ಲ. ಜಲಾಶಯ ನೀರಾವರಿ ಇಲಾಖೆಯದು. ಅದರ ಲಿಖಿತ ಅನುಮತಿ ಬೇಕು. ಸಿಂಗೂರಿನಿಂದ ಕೆಳಗೆ ಸಂಗಾರೆಡ್ಡಿ ಕಡೆಗೆ ಹರಿಯುವ ಮಾಂಜ್ರಾ 1978ರಲ್ಲಿ ವನ್ಯಜೀವಿ ಧಾಮವಾಗಿ ಘೋಷಣೆಯಾಯಿತು. ಅದು ಮೊಸಳೆಗಳ ನೆಲೆ. ನಡುಗಡ್ಡೆಗಳಲ್ಲಿ ನೀರುಹಕ್ಕಿಗಳು ಗೂಡು ಕಟ್ಟುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಅಂಥ ಧಾಮದೊಳಗೆ ಕಾಲಿಡುವಂತೆಯೇ ಇಲ್ಲ. ದೋಣಿ ನುಗ್ಗಿಸುವ ಮಾತಂತೂ ದೂರ ಉಳಿಯಿತು. ಇದಲ್ಲದೆ ಮಾಂಜ್ರಾದ್ದು ಹೈದರಾಬಾದಿಗೂ ಈ ಸೀಮೆಯ ಹಳ್ಳಿಗಳಿಗೂ ಹೋಗುವ ಕುಡಿಯುವ ನೀರು. ಹಳೆಯ ಬಗೆಯ ಎರಡು ಸ್ಟ್ರೋಕ್ ಎಂಜಿನ್ ತಾನು ಕುಡಿದ ಎಣ್ಣೆ, ಪೆಟ್ರೋಲಿನ ಕಾಲು ಭಾಗದಷ್ಟನ್ನು ಸುಡದೆ ಹಾಗೇ ಹೊಗೆಯ ಜತೆ ನೀರಿನೊಳಕ್ಕೆ ಬಿಡುತ್ತದೆ. ಸಾವಿರಾರು ಮನೆಗಳ ಕೊಡ ತುಂಬುವ ನೀರಿಗೆ ಇದು ಸಲ್ಲದು. ಆದ್ದರಿಂದ ಅನುಮತಿ ಸಿಗುವುದೋ ಇಲ್ಲವೋ ಎಂಬುದನ್ನು ಕೊಳ್ಳುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕು. ಮಾರುವವರ ಬಾಯಿಮಾತು ಇಲ್ಲಿ ನಡೆಯುವುದಿಲ್ಲ.

ಕಿರಿಯ: ಅನುಮತಿ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ದೋಣಿಯ ಆಯ್ಕೆ ಹೇಗೆ?

ಹಿರಿಯ: ದೋಣಿಯ ಒಡಲನ್ನು ಎರಡು ಬಗೆಯಾಗಿ ನೋಡಬೇಕು: ಆಕಾರ ಯಾವುದು, ಮಾಡಿದ್ದು ಯಾವುದರಿಂದ. ಆಕಾರದಲ್ಲಿ ಕೆಲವು ಒಡಲುಗಳು ನೀರನ್ನು ಪಕ್ಕಕ್ಕೆ ತಳ್ಳಿಕೊಂಡು ನಿಧಾನವಾಗಿ ಸಾಗುತ್ತವೆ. ಎಷ್ಟು ಶಕ್ತಿ ಕೊಟ್ಟರೂ ಒಂದು ವೇಗಕ್ಕಿಂತ ಮೇಲೆ ಹೋಗುವುದಿಲ್ಲ. ಇನ್ನು ಕೆಲವು ವೇಗ ಹೆಚ್ಚಿದಂತೆ ನೀರಿನ ಮೇಲೆದ್ದು ಜಾರುತ್ತವೆ. ಸ್ಪೀಡ್ ಬೋಟುಗಳೆಲ್ಲ ಈ ಜಾತಿಯವು. ತಳ ಚಪ್ಪಟೆಯಾಗಿದ್ದರೆ ಆಳವಿಲ್ಲದ ನೀರಿನಲ್ಲೂ ನಡೆಯುತ್ತದೆ, ಅಲುಗಾಟ ಕಡಿಮೆ, ಆದರೆ ಅಲೆ ಎದ್ದಾಗ ಬಡಿಯುತ್ತದೆ. ತಳ ಚೂಪಾಗಿ ‘ವಿ’ ಆಕಾರದಲ್ಲಿದ್ದರೆ ಅಲೆಯನ್ನು ಸೀಳುತ್ತದೆ, ಆದರೆ ಆಳ ಬೇಕು, ಶಕ್ತಿ ಬೇಕು, ಇಂಧನವೂ ಹೆಚ್ಚು ಬೇಕು. ಜಲಾಶಯಗಳಿಗೆ ಚಪ್ಪಟೆ ತಳ ಅಥವಾ ತುಸುವೇ ಚೂಪಾದ ತಳ ಸಾಕು.

ಇನ್ನು ಯಾವುದರಿಂದ ಮಾಡಿದ್ದು ಎಂಬ ವಿಚಾರ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಫೈಬರ್ ದೋಣಿ. ಬಿರುಕು ಬಿಟ್ಟರೆ ರಾಳ, ಗಾಜಿನ ನಾರು ಹಾಕಿ ದುರಸ್ತಿ ಮಾಡಬಹುದು, ಆದರೆ ಕಲ್ಲಿನ ಹೊಡೆತಕ್ಕೆ ಒಡೆಯುತ್ತದೆ. ಅಲ್ಯೂಮಿನಿಯಂ ಹಗುರ, ಹೊಡೆತ ಬಿದ್ದರೆ ತಗ್ಗಾದೀತು, ಬೇಗ ಒಡೆಯದು. ಗಾಳಿ ತುಂಬುವ ರಬ್ಬರ್ ದೋಣಿ ಮಡಚಿ ಜೀಪಿನಲ್ಲಿ ಒಯ್ಯಲು ಅನುಕೂಲ, ಆದರೆ ಅಗ್ಗದ ಪಿವಿಸಿ ಬಟ್ಟೆಯ ಅಂಟು ಈ ಸೀಮೆಯ ಬೇಸಿಗೆಯ ಬಿಸಿಗೆ ಬಿಟ್ಟುಕೊಳ್ಳುತ್ತದೆ. ದೋಣಿಯ ಮೇಲೆ ತಯಾರಕರು ಅಂಟಿಸಿದ ಫಲಕದಲ್ಲಿ ಎಷ್ಟು ಜನ, ಎಷ್ಟು ಕಿಲೋ, ಎಷ್ಟು ಅಶ್ವಶಕ್ತಿ ಎಂದು ಬರೆದಿರುತ್ತದೆ. ಆ ಫಲಕ ಇಲ್ಲದ ದೋಣಿಯನ್ನು ಕೊಳ್ಳಬಾರದು.

ಕಿರಿಯ: ಎಂಜಿನ್ ದೊಡ್ಡದಿದ್ದಷ್ಟೂ ಒಳ್ಳೆಯದಲ್ಲವೇ?

ಹಿರಿಯ: ಅಲ್ಲ. ಫಲಕದಲ್ಲಿ ಹೇಳಿದ್ದಕ್ಕಿಂತ ದೊಡ್ಡ ಎಂಜಿನ್ ಹಾಕಿದರೆ ಹಿಂಭಾಗ ಕುಸಿದು ನೀರು ಒಳಗೆ ಹಾಯುತ್ತದೆ. ತಿರುವಿನಲ್ಲಿ ದೋಣಿ ಮಗುಚಲೂಬಹುದು. ತೀರ ಚಿಕ್ಕದಾದರೆ ಎಂಜಿನ್ ಯಾವಾಗಲೂ ಪೂರ್ತಿ ಥ್ರಾಟಲ್‌ನಲ್ಲಿ ಏದುತ್ತ ಬೇಗ ಸವೆಯುತ್ತದೆ.

ಸಣ್ಣ ವಿಹಾರ ದೋಣಿಗಳಿಗೆ ಹಿಂಬದಿಯ ಹಲಗೆಗೆ ಕಚ್ಚಿಸುವ ಔಟ್‌ಬೋರ್ಡ್ ಎಂಜಿನ್ನೇ ರೂಢಿ. ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್ರೂಡ್ 1909ರಲ್ಲಿ ಮಾರಾಟಕ್ಕೆ ತಂದ ಎಂಜಿನ್ ಇದನ್ನು ಜನಪ್ರಿಯಗೊಳಿಸಿತು. ಇಂದು ಯಮಾಹಾ, ಸುಝುಕಿ, ಮರ್ಕ್ಯುರಿ, ತೊಹಾತ್ಸು ಹೆಸರುಗಳು ಪರಿಚಿತ. ನಾಲ್ಕು ಸ್ಟ್ರೋಕಿನದು ತೂಕದಲ್ಲಿ, ಬೆಲೆಯಲ್ಲಿ ಹೆಚ್ಚು. ಸದ್ದು, ಹೊಗೆ, ಪೆಟ್ರೋಲಿನ ಖರ್ಚು ಕಡಿಮೆ. ಸಿಹಿನೀರಿನ ಜಲಾಶಯಕ್ಕೆ ಅದೇ ಸರಿ. ಎಂಜಿನ್ನಿನ ಕಾಲಿನ ಉದ್ದವನ್ನೂ ಅಳೆಯಬೇಕು. ಹಿಂಬದಿಯ ಹಲಗೆ 15 ಅಂಗುಲ ಎತ್ತರವಿದ್ದರೆ ಗಿಡ್ಡ ಕಾಲು, 20 ಅಂಗುಲವಿದ್ದರೆ ಉದ್ದ ಕಾಲು. ಹೊಂದದಿದ್ದರೆ ಪ್ರೊಪೆಲರ್ ಗಾಳಿ ಹೀರಿ ಬರಿದೇ ಸುತ್ತುತ್ತದೆ, ಇಲ್ಲವೇ ತಳಕ್ಕೆ ತಾಗುತ್ತದೆ. ಹತ್ತಿರದಲ್ಲಿ ಬಿಡಿಭಾಗ, ಮೆಕ್ಯಾನಿಕ್ ಸಿಗದ ಕಂಪನಿಯ ಎಂಜಿನ್ ಎಷ್ಟೇ ಒಳ್ಳೆಯದಿದ್ದರೂ ಒಳನಾಡಿನ ಮಾಲೀಕನಿಗೆ ಉಪಯೋಗವಿಲ್ಲ.

ಕಿರಿಯ: ಹೊಸದರ ಬೆಲೆ ಕೈಗೆಟಕುವುದಿಲ್ಲ ಎನ್ನುವವರು ಹಳೆಯದನ್ನು ಕೊಂಡರೆ?

ಹಿರಿಯ: ಕೊಳ್ಳಬಹುದು, ಪರೀಕ್ಷೆ ಮಾತ್ರ ಬಿಗಿಯಾಗಿರಬೇಕು. ದೋಣಿಯ ವಯಸ್ಸನ್ನು ಹೇಳುವುದು ಎಂಜಿನ್ ಓಡಿದ ಗಂಟೆಗಳು, ಟ್ರ್ಯಾಕ್ಟರಿನ ಮೀಟರಿನ ಹಾಗೆ. ಆದರೆ ವರ್ಷಗಟ್ಟಲೆ ಓಡದೆ ನಿಂತ ಎಂಜಿನ್, ಚೆನ್ನಾಗಿ ಓಡಿಸಿದ ಎಂಜಿನ್ನಿಗಿಂತ ಹದಗೆಟ್ಟಿರುತ್ತದೆ: ರಬ್ಬರ್ ಕೊಳವೆಗಳು ಗಡುಸಾಗಿರುತ್ತವೆ, ಕಾರ್ಬುರೇಟರಿನಲ್ಲಿ ಹಳೆಯ ಪೆಟ್ರೋಲು ಗೋಂದಿನಂತೆ ಕೂತಿರುತ್ತದೆ.

ಮೊದಲು ಒಡಲು. ಸಣ್ಣ ಮರದ ಸುತ್ತಿಗೆಯಿಂದ ಇಡೀ ತಳವನ್ನು ಹಗುರವಾಗಿ ತಟ್ಟುತ್ತ ಹೋಗಬೇಕು. ಗಟ್ಟಿ ಫೈಬರ್ ಟಣ್ಣನೆ ಸದ್ದು ಕೊಡುತ್ತದೆ. ಪದರ ಬಿಟ್ಟ ಕಡೆ, ನೀರು ಕುಡಿದ ಕಡೆ ಮಂಕಾದ ಸದ್ದು ಬರುತ್ತದೆ. ಆಮೇಲೆ ಎಂಜಿನ್ನಿನ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಬೇಕು. ಹಿಂಬದಿಯ ಹಲಗೆ ಒಳಗೆ ಕೊಳೆತಿದ್ದರೆ ಅದೂ ಜತೆಗೆ ಅಲುಗುತ್ತದೆ, ಬೋಲ್ಟುಗಳ ಸುತ್ತ ಗೆರೆ ಬಿಟ್ಟಿರುತ್ತದೆ. ಅಂಥ ದೋಣಿಯನ್ನು ಅಲ್ಲಿಗೇ ಬಿಡಬೇಕು.

ಆಮೇಲೆ ಎಂಜಿನ್ನಿನ ಗೇರು. ಪ್ರೊಪೆಲರಿನ ಬಳಿ ಕೆಳಗಿರುವ ತಿರುಪನ್ನು ತುಸು ಸಡಿಲಿಸಿದರೆ ಗೇರೆಣ್ಣೆ ಒಂದೆರಡು ಹನಿ ಇಳಿಯುತ್ತದೆ. ಬಣ್ಣ ತಿಳಿಯಾಗಿದ್ದರೆ ಸರಿ. ಹಾಲಿನಂತೆ ಬೆಳ್ಳಗಿದ್ದರೆ ಸೀಲು ಹೋಗಿ ನೀರು ನುಗ್ಗಿದೆ. ಲೋಹದ ಚೂರು ಮಿನುಗಿದರೆ ಗೇರು ತಿನ್ನಿಹೋಗಿದೆ. ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಸಬೇಕು. ಒಂದಕ್ಕೊಂದು ಹೆಚ್ಚು ವ್ಯತ್ಯಾಸ ಇರಬಾರದು. ಕೊನೆಯದಾಗಿ ನೀರಿಗಿಳಿಸಿ ಓಡಿಸಿ ನೋಡದೆ ಹಣ ಕೊಡಬಾರದು. ಎಂಜಿನ್ ಓಡುವಾಗ ತಣಿಸುವ ನೀರಿನ ಸಣ್ಣ ಧಾರೆ ಪಕ್ಕದಿಂದ ಬೀಳುತ್ತಲೇ ಇರಬೇಕು. ಎಂಜಿನ್ ನಂಬರು ಕಾಗದದಲ್ಲಿರುವ ನಂಬರಿಗೆ ಹೊಂದಬೇಕು. ಬ್ಯಾಂಕಿನ ಸಾಲ ಉಳಿದಿಲ್ಲವೆಂಬ ಪತ್ರವೂ ಇರಬೇಕು.

ಕಿರಿಯ: ಖರ್ಚಿನ ಲೆಕ್ಕದಲ್ಲಿ ಏನೇನು ಬರುತ್ತದೆ?

ಹಿರಿಯ: ದೋಣಿಯ ಬೆಲೆ ಖರ್ಚಿನ ಮೊದಲ ಮೆಟ್ಟಿಲು ಮಾತ್ರ. ವಿಹಾರಕ್ಕೆ, ಕ್ರೀಡೆಗೆ ಬಳಸುವ ದೋಣಿಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇ 40ರಷ್ಟು ಜಿಎಸ್‌ಟಿ ಇದೆ. ಮೇಲೆ ಟ್ರೇಲರ್, ಅದರ ಆರ್‌ಟಿಒ ನೋಂದಣಿ, ಎಳೆಯುವ ವಾಹನ, ಲೈಫ್ ಜಾಕೆಟ್‌ಗಳು, ಲಂಗರು, ಹಗ್ಗ, ಬೆಂಕಿ ಆರಿಸುವ ಸಾಧನ, ಹೊದಿಕೆ. ಆಮೇಲೆ ತಪಾಸಣೆ, ನೋಂದಣಿ, ವಿಮೆ. 40 ಅಶ್ವಶಕ್ತಿಯ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಸುಮಾರು 15 ಲೀಟರ್ ಪೆಟ್ರೋಲು ಕುಡಿಯುತ್ತದೆ. ವೇಗ ಇಳಿಸಿದರೆ ಖರ್ಚೂ ತಟ್ಟನೆ ಇಳಿಯುತ್ತದೆ.

ಪೆಟ್ರೋಲಿನದು ಇನ್ನೊಂದು ತೊಡಕು. ಬಂಕುಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಔಟ್‌ಬೋರ್ಡ್ ತಯಾರಕರು ಸಾಮಾನ್ಯವಾಗಿ ಒಪ್ಪುವುದು ಶೇ 10ರವರೆಗೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ನೀರು ಬೇರ್ಪಟ್ಟು ತಳಕ್ಕೆ ಕೂರುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಎಂಜಿನ್ ಎಷ್ಟು ತಾಳುತ್ತದೆಂದು ನೋಡಿಕೊಂಡೇ ಕೊಳ್ಳಬೇಕು, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಬೇಕು, ಉಳಿದ ಪೆಟ್ರೋಲನ್ನು ಟ್ಯಾಂಕಿನಲ್ಲಿ ಬಿಡಬಾರದು.

ಕಿರಿಯ: ಮಾಂಜ್ರಾ ಮೂರು ರಾಜ್ಯಗಳ ಹೊಳೆ. ಕಾಗದಪತ್ರವೂ ಮೂರು ಕಡೆ ಮಾಡಿಸಬೇಕೇ?

ಹಿರಿಯ: ಮೊದಲು ತೊಡಕಿತ್ತು. 1917ರ ಒಳನಾಡು ಹಡಗು ಕಾಯ್ದೆಯಡಿ ಒಂದು ರಾಜ್ಯದಲ್ಲಿ ನೋಂದಾಯಿಸಿದ ಯಂತ್ರದೋಣಿ ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿಯ ಒಪ್ಪಿಗೆ ಬೇಕಾಗುತ್ತಿತ್ತು. 2021ರ ಹೊಸ ಕಾಯ್ದೆ ಅದನ್ನು ತೆಗೆದುಹಾಕಿ, ನೋಂದಣಿ ಪತ್ರ ದೇಶವಿಡೀ ನಡೆಯುವಂತೆ ಮಾಡಿತು. ಗಡಿಸೀಮೆಯವರಿಗೆ ಇದು ನಿಜವಾದ ಉಪಕಾರ. ಆದರೆ ನೋಂದಣಿ ಪತ್ರ ಕೈಯಲ್ಲಿದೆ ಎಂದಮಾತ್ರಕ್ಕೆ ಯಾವ ಜಲಾಶಯಕ್ಕೂ ದೋಣಿ ಇಳಿಸುವಂತಿಲ್ಲ. ಜಾಗದ ಅನುಮತಿ ಬೇರೆಯೇ. ಹೊಸ ಕಾಯ್ದೆಯಂತೆ ಯಂತ್ರದೋಣಿಗೆ ತಪಾಸಣೆ ಪತ್ರ, ನೋಂದಣಿ ಪತ್ರ, ವಿಮೆ ಇರಬೇಕು. ನಡೆಸುವವರ ಅರ್ಹತೆಗೂ ನಿಯಮಗಳಿವೆ. ಕಡಲಿಗೆ ಇಳಿಸುವುದಾದರೆ ಬೇರೆ ಕಾನೂನು, ಬೇರೆ ಅಧಿಕಾರಿಗಳು. ಗೋವೆಯಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಮೋಟಾರು ದೋಣಿ ನಡೆಸುವುದನ್ನೂ ಜೀವ ಉಳಿಸುವುದನ್ನೂ ಕಲಿಸುತ್ತದೆ. ಎಂಜಿನ್ನಿಗೆ ಲಕ್ಷಗಟ್ಟಲೆ ಹಾಕುವವರು ಆ ತರಬೇತಿಗೆ ಕೈ ಬಿಗಿಹಿಡಿಯಬಾರದು.

ಕಿರಿಯ: ಕೆರೆಯಲ್ಲಿ ಈಜು ಬಲ್ಲವರಿಗೂ ತರಬೇತಿ ಬೇಕೇ?

ಹಿರಿಯ: ಬೇಕು. ದೋಣಿ ದುರಂತಗಳಲ್ಲಿ ಈಜು ಬಲ್ಲವರೂ ಸಾಯುತ್ತಾರೆ. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಮೀನುಗಾರಿಕೆಯ ದೋಣಿಯನ್ನು ವಿಹಾರ ದೋಣಿಯಾಗಿ ಮಾರ್ಪಡಿಸಿ, ಮಿತಿ ಮೀರಿ ಜನ ತುಂಬಿದ್ದರಿಂದ 22 ಜೀವ ಹೋದವು. ವಡೋದರಾದ ಹರಣಿ ಕೆರೆಯಲ್ಲಿ 2024ರ ಜನವರಿ 18ರಂದು ಪ್ರವಾಸಕ್ಕೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ತೀರಿಕೊಂಡರು. ಅಲ್ಲೂ ಜನ ಹೆಚ್ಚು, ಲೈಫ್ ಜಾಕೆಟ್ ಎಲ್ಲರಿಗೂ ಇರಲಿಲ್ಲ. ಭಾರ ಹೆಚ್ಚಿದಂತೆ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ. ಜನ ಒಂದೇ ಬದಿಗೆ ಸರಿದರೆ ಆ ಅಂಚು ಮುಳುಗುತ್ತದೆ, ಒಳಹೊಕ್ಕ ನೀರು ಅದೇ ಬದಿಗೆ ಓಡಿ ಮಿಕ್ಕಿದ್ದನ್ನು ಮುಗಿಸುತ್ತದೆ. ಇಷ್ಟಕ್ಕೆ ಕೆಲವೇ ಕ್ಷಣ ಸಾಕು. ಆಮೇಲೆ ಜಾಕೆಟ್ ಹುಡುಕಲು ಸಮಯವಿರುವುದಿಲ್ಲ. ಆದ್ದರಿಂದ ದಡ ಬಿಡುವ ಮೊದಲೇ ಪ್ರತಿಯೊಬ್ಬರೂ ಜಾಕೆಟ್ ತೊಟ್ಟು ಗುಂಡಿ ಬಿಗಿದಿರಬೇಕು. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು.

ಇನ್ನು ಕಿಲ್ ಸ್ವಿಚ್. ಅದರ ಸುರುಳಿ ಹಗ್ಗದ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ನಡೆಸುವವರ ಮೈಗೆ. ಅವರು ನೀರಿಗೆ ಬಿದ್ದರೆ ಹಗ್ಗ ಕಿತ್ತು ಎಂಜಿನ್ ನಿಲ್ಲುತ್ತದೆ. ಕಟ್ಟಿಕೊಳ್ಳದಿದ್ದರೆ ಚುಕ್ಕಾಣಿ ಬಿಟ್ಟ ದೋಣಿ ಸುತ್ತು ಹೊಡೆದು ಬಿದ್ದವರ ಮೇಲೆಯೇ ಬರುತ್ತದೆ. ನೀರಿನಲ್ಲಿ ಮನುಷ್ಯರು ಇರುವಾಗ ಗೇರು ತೆಗೆದರೆ ಸಾಲದು, ಎಂಜಿನ್ನನ್ನೇ ಆರಿಸಬೇಕು. ಎದುರಿಗೆ ದೋಣಿ ಬಂದರೆ ಇಬ್ಬರೂ ತಮ್ಮ ಬಲಕ್ಕೆ ಸರಿಯಬೇಕು. ರಸ್ತೆಯ ಅಭ್ಯಾಸ ಇಲ್ಲಿ ತಿರುವುಮುರುವು. ಕತ್ತಲಾದರೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಜತೆಗೆ ಬಿಳಿ ದೀಪ ಉರಿಯಬೇಕು. ಮುಂಗಾರಿಗೆ ಮೊದಲಿನ ಗುಡುಗು, ಬಿರುಗಾಳಿ ಬಯಲುಸೀಮೆಯಲ್ಲಿ ಹೊತ್ತಲ್ಲದ ಹೊತ್ತಿಗೆ ಏಳುತ್ತವೆ. ಮೋಡ ಕಪ್ಪಾದ ಕೂಡಲೇ ದಡ ಸೇರಬೇಕು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಕಲಬುರಗಿ ಜಿಲ್ಲೆಯ ಹಳ್ಳಿಗಳಿಗೆ ದೋಣಿ ಇಳಿಸಿದ್ದು ತರಬೇತಿ ಪಡೆದ ರಕ್ಷಣಾ ಪಡೆಗಳು. ವಿಹಾರದ ದೋಣಿ ಇಟ್ಟುಕೊಂಡವರು ಪ್ರವಾಹದಲ್ಲಿ ಸಾಹಸಕ್ಕೆ ಇಳಿಯಬಾರದು.

ಕಿರಿಯ: ಓಡಿಸದ ದಿನಗಳಲ್ಲಿ ನೋಡಿಕೊಳ್ಳುವುದು ಹೇಗೆ?

ಹಿರಿಯ: ಹೊಸ ಎಂಜಿನ್ನಿಗೆ ಮೊದಲ 20 ಗಂಟೆಗೆ ಒಂದು ಸರ್ವಿಸ್, ಆಮೇಲೆ ಪ್ರತಿ 100 ಗಂಟೆಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ಎಂಜಿನ್ ಆಯಿಲ್, ಗೇರೆಣ್ಣೆ, ಸ್ಪಾರ್ಕ್ ಪ್ಲಗ್, ಫಿಲ್ಟರ್ ಎಲ್ಲ ನೋಡಬೇಕು. ನೀರಿನ ಪಂಪಿನೊಳಗಿನ ರಬ್ಬರ್ ಚಕ್ರ ಕೆಸರು ನೀರಿನಲ್ಲಿ ಬೇಗ ಸವೆಯುತ್ತದೆ. ಅದು ಕೆಟ್ಟರೆ ಎಂಜಿನ್ ಕಾದು ಹಿಡಿದುಕೊಳ್ಳುತ್ತದೆ. ಕಡಲಿಗೆ ಹೋಗಿ ಬಂದರೆ ಸಿಹಿನೀರು ಹಾಯಿಸಿ ಉಪ್ಪು ತೊಳೆಯಲೇಬೇಕು. ತುಕ್ಕು ತಡೆಯಲು ಎಂಜಿನ್ನಿಗೆ ಕೂರಿಸಿದ ಆನೋಡ್ ತುಂಡುಗಳು ಅರ್ಧ ಸವೆದ ಕೂಡಲೇ ಬದಲಿಸಬೇಕು.

ಕರಣಕೋಟ ಸಿಮೆಂಟಿನ ಊರು. ಸುತ್ತ ಕಲ್ಲಿನ ಗಣಿಗಳು. ಆ ಧೂಳು ಇಬ್ಬನಿಗೆ ನೆನೆದು ಫೈಬರಿನ ಮೇಲೆ ಪದರಗಟ್ಟುತ್ತದೆ. ಬಿಸಿಲು ಬಣ್ಣವನ್ನೂ ಸೀಟಿನ ರೆಕ್ಸಿನ್ನನ್ನೂ ತಿನ್ನುತ್ತದೆ. ಆದ್ದರಿಂದ ತಗಡಿನ ಮಾಡಿನ ನೆರಳು, ಗಾಳಿಯಾಡುವ ಹೊದಿಕೆ ಎರಡೂ ಬೇಕು. ತಳದ ತೂತಿನ ಬಿರಡೆ ತೆಗೆದು, ಮುಂಭಾಗ ಎತ್ತರಿಸಿ ನಿಲ್ಲಿಸಿದರೆ ಮಳೆನೀರು ನಿಲ್ಲುವುದಿಲ್ಲ. ತೆಗೆದ ಬಿರಡೆಯನ್ನು ಚುಕ್ಕಾಣಿಗೇ ಕಟ್ಟಿಡುವುದು ಒಳ್ಳೆಯ ಅಭ್ಯಾಸ. ಅದನ್ನು ಹಾಕದೆ ನೀರಿಗಿಳಿಸಿ ಮುಳುಗಿದ ದೋಣಿಗಳು ಬಹಳ. ಬ್ಯಾಟರಿ ಬಿಚ್ಚಿ ಒಳಗಿಟ್ಟು ಆಗಾಗ ಚಾರ್ಜ್ ಮಾಡಬೇಕು. ವೈರು ಕಡಿಯುವ ಇಲಿಗಳ ಮೇಲೆ ಕಣ್ಣಿರಬೇಕು.

ಕಿರಿಯ: ಹಾಗಾದರೆ ಈ ಸೀಮೆಯವರು ಕೊಳ್ಳಬೇಕೋ, ಬೇಡವೋ?

ಹಿರಿಯ: ವರ್ಷಕ್ಕೆ ಒಂದೆರಡು ಸಲ ನೀರಿನ ಮೇಲೆ ಹೋಗುವ ಆಸೆ ಇರುವವರಿಗೆ ಬಾಡಿಗೆಯೇ ಲೇಸು. ಹೈದರಾಬಾದಿನ ಹುಸೇನ್‌ಸಾಗರದಲ್ಲಿ ಪ್ರವಾಸೋದ್ಯಮ ನಿಗಮದ ಸ್ಪೀಡ್ ಬೋಟುಗಳಿವೆ. ಕಬಿನಿಯಲ್ಲಿ ಜಂಗಲ್ ಲಾಡ್ಜಸ್‌ನವರು ಮೋಟಾರು ದೋಣಿಯಲ್ಲಿ ಕಾಡು ತೋರಿಸುತ್ತಾರೆ. ನೀರಿನ ನಂಟು ಬೇಕು, ಸದ್ದು ಬೇಡ ಎನ್ನುವವರಿಗೆ ಕಯಾಕ್ ಇದೆ, ನಮ್ಮ ಹೊಳೆಗಳ ಹರಿಗೋಲು ಇದೆ; ಎಣ್ಣೆ ಸೋರುವುದಿಲ್ಲ, ಹಕ್ಕಿ ಬೆದರಿ ಹಾರುವುದಿಲ್ಲ, ಕುಡಿಯುವ ನೀರು ಕೆಡುವುದಿಲ್ಲ. ಎರಡು ಮೂರು ಮನೆಯವರು ಸೇರಿ ಕೊಳ್ಳುವುದಾದರೆ ಖರ್ಚು, ಸರದಿ, ಹೊಣೆ ಮೂರನ್ನೂ ಬರೆದು ಸಹಿ ಹಾಕಿಕೊಳ್ಳಬೇಕು.

ಸ್ವಂತಕ್ಕೇ ಕೊಳ್ಳುವವರ ಕೈಯಲ್ಲಿ ಮುಂಗಡ ಕೊಡುವ ಮೊದಲು ಮೂರು ಇರಬೇಕು: ದೋಣಿ ಇಳಿಸುವ ನೀರಿನ ಲಿಖಿತ ಅನುಮತಿ, ತಪಾಸಣೆ ಮತ್ತು ನೋಂದಣಿಗೆ ಒಪ್ಪುವ ಕಾಗದಗಳು, ಒಂದು ದಿನದೊಳಗೆ ಬರಬಲ್ಲ ಮೆಕ್ಯಾನಿಕ್ಕಿನ ವಿಳಾಸ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಕೊಳ್ಳಬಾರದು.